ಹತ್ತು ಸಾವಿರದೊಳಗೆ ಮೊದಲ ಮ್ಯಾಂಡೋಲಿನ್

ಪ್ರಶ್ನೆ: ನಮಸ್ಕಾರ ಸರ್. ನಾನು ಉಡುಪಿ ಕಡೆಯವಳು, ಇಪ್ಪತ್ತು ವರ್ಷದಿಂದ ಡೊಂಬಿವಲಿಯಲ್ಲಿದ್ದೇನೆ, ಫೋರ್ಟ್‌ನಲ್ಲಿ ಬ್ಯಾಂಕ್ ಕೆಲಸ. ವಯಸ್ಸು 44. ಶಾಲೆಗೆ ಹೋಗುವಾಗ ಮೂರು ವರ್ಷ ಕರ್ನಾಟಕ ಸಂಗೀತ ಹಾಡಲು ಕಲಿತಿದ್ದೆ, ವರ್ಣದವರೆಗೆ ಬಂದು ನಿಂತಿತು. ಈಗ ಮ್ಯಾಂಡೋಲಿನ್ ಕಲಿಯುವ ಆಸೆ. ಕೀರ್ತನೆಯೂ ಬೇಕು, ಹಳೆಯ ಹಿಂದಿ ಹಾಡೂ ಬೇಕು. 10,000 ರೂಪಾಯಿ ತೆಗೆದಿಟ್ಟಿದ್ದೇನೆ. ಆನ್‌ಲೈನ್‌ನಲ್ಲಿ ನೋಡಿದರೆ ಒಂದೇ ಥರ ಕಾಣುವ ವಾದ್ಯಕ್ಕೆ ಹತ್ತು ಥರದ ಬೆಲೆ. ಮೇಲ್ಗಡೆ ಸುರುಳಿ ಇರುವುದು ಚೆಂದ ಕಾಣುತ್ತದೆ, ಅದನ್ನೇ ಕೊಳ್ಳಲೇ? ಇನ್ನೊಂದು ವಿಷಯ. ಮಡಗಾಂವಿನಲ್ಲಿ ಹೋಟೆಲ್ ನಡೆಸುತ್ತಿದ್ದ ದೊಡ್ಡಪ್ಪನ ಮನೆಯ ಅಟ್ಟದಲ್ಲಿ ಬೆನ್ನು ಉಬ್ಬಿದ ಹಳೆಯ ಮ್ಯಾಂಡೋಲಿನ್ ಒಂದಿದೆ. ಅದನ್ನೇ ರಿಪೇರಿ ಮಾಡಿಸಿದರೆ ಸಾಕೇ? "ಈ ವಯಸ್ಸಿನಲ್ಲಿ ಬೆರಳು ಬಗ್ಗುತ್ತದಾ" ಎಂದು ಮನೆಯಲ್ಲಿ ಕೇಳುತ್ತಿದ್ದಾರೆ.

ಉತ್ತರ: ಬೆರಳಿನ ಮಾತಿನಿಂದಲೇ ಶುರು ಮಾಡುತ್ತೇನೆ. ನನ್ನ ಹತ್ತಿರ ಮ್ಯಾಂಡೋಲಿನ್ ಹಿಡಿದುಕೊಂಡು ಬಂದು ಆರು ತಿಂಗಳೊಳಗೆ ಬಿಟ್ಟುಹೋದವರನ್ನೆಲ್ಲ ನೆನೆಸಿಕೊಂಡರೆ, ವಯಸ್ಸಿನ ಕಾರಣಕ್ಕೆ ಬಿಟ್ಟವರು ಒಬ್ಬರೂ ನೆನಪಾಗುವುದಿಲ್ಲ. ಅವರಲ್ಲಿ ಬಹಳ ಮಂದಿಯ ವಾದ್ಯದಲ್ಲಿ ತಂತಿ ಮೆಟ್ಟಿಲಿನಿಂದ, ಅಂದರೆ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಯಿಂದ, ತೀರಾ ಮೇಲಿತ್ತು. ಒತ್ತಿದರೆ ಬೆರಳ ತುದಿ ಕೊಯ್ದಂತಾಗುತ್ತಿತ್ತು, ಒತ್ತಿದ ಮೇಲೂ ಸ್ವರ ಶ್ರುತಿಗೆ ಸೇರುತ್ತಿರಲಿಲ್ಲ. ತಪ್ಪು ತಮ್ಮ ಬೆರಳಿನದು, ತಮ್ಮ ಕಿವಿಯದು ಅಂದುಕೊಂಡು ಅವರು ವಾದ್ಯವನ್ನು ಕಪಾಟಿನ ಮೇಲೆ ಹತ್ತಿಸಿದರು. 44 ಏನೂ ತಡವಲ್ಲ. ನಿಮ್ಮ ಕಿವಿಯಲ್ಲಿ ಮೂರು ವರ್ಷದ ಸರಳೆ, ಜಂಟಿ ವರಸೆ ಆಗಲೇ ಕೂತಿದೆ. ನಿಮಗೆ ಬೇಕಾಗಿರುವುದು ಬೆರಳನ್ನು ನೋಯಿಸದ, ಶ್ರುತಿ ತಪ್ಪದ ಒಂದು ಸಾಧಾರಣ ವಾದ್ಯ. ಹತ್ತು ಸಾವಿರದಲ್ಲಿ ಅದು ಸಾಧ್ಯ, ಆದರೆ ಅಷ್ಟೂ ದುಡ್ಡನ್ನು ವಾದ್ಯಕ್ಕೇ ಸುರಿಯಬೇಡಿ. ಏಳು, ಏಳೂವರೆ ಸಾವಿರದಲ್ಲಿ ವಾದ್ಯ ಮುಗಿಸಿ. ಉಳಿದದ್ದು ಸೆಟಪ್‌ಗೆ, ಎರಡು ಸೆಟ್ ತಂತಿಗೆ, ಒಂದು ದಪ್ಪನೆಯ ಚೀಲಕ್ಕೆ. ಸೆಟಪ್ ಎಂದರೆ ತಂತಿಯ ಎತ್ತರ, ತಂತಿಯನ್ನು ಹೊತ್ತ ಬ್ರಿಡ್ಜ್‌ನ ಜಾಗ, ತಲೆಯ ಕಡೆ ತಂತಿ ಕೂರುವ ನಟ್‌ನ ಕಚ್ಚು, ಕತ್ತಿನ ನೇರ, ಇಷ್ಟನ್ನೂ ಬಲ್ಲವರ ಕೈಯಲ್ಲಿ ಸರಿಪಡಿಸಿಕೊಳ್ಳುವುದು. ಏಳು ಸಾವಿರದ ವಾದ್ಯ ಚೆನ್ನಾಗಿ ಸೆಟಪ್ ಆಗಿದ್ದರೆ, ಸೆಟಪ್ ಇಲ್ಲದ ಹದಿನೈದು ಸಾವಿರದ್ದಕ್ಕಿಂತ ಅದೇ ವಾಸಿ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ, ಏಕೆಂದರೆ ನನ್ನ ಮೊದಲ ಮ್ಯಾಂಡೋಲಿನ್ ಇದೇ ಪಾಠ ಕಲಿಸಿತು.

ಆಗ ಮಾಟುಂಗಾದಲ್ಲಿ ಅಕ್ಕನ ಮನೆಯಲ್ಲಿದ್ದೆ. ಮೊದಲ ಎರಡು ತಿಂಗಳ ಸಂಬಳದಲ್ಲಿ ಉಳಿಸಿ, ಒಂದು ಅಂಗಡಿಯಲ್ಲಿ ಗಾಜಿನ ಹಿಂದೆ ಹೊಳೆಯುತ್ತಿದ್ದ ವಾದ್ಯ ತಂದೆ. ಅಂಗಡಿಯವರು ಡಬ್ಬಿಯಿಂದ ತೆಗೆದು ಹಾಗೆಯೇ ಕೊಟ್ಟಿದ್ದರು. ಮೂರನೇ ದಿನಕ್ಕೆ ತೋರುಬೆರಳಿನ ತುದಿ ಒಡೆಯಿತು. ಮೇಲಿನ ಸ್ಥಾಯಿಗೆ ಹೋದಷ್ಟೂ ಸ್ವರ ಏರುತ್ತಿತ್ತು. ಮೇಲಿನ ಷಡ್ಜ ಒತ್ತಿದರೆ ಅದು ಷಡ್ಜವನ್ನು ದಾಟಿ ಎಲ್ಲೋ ನಿಲ್ಲುತ್ತಿತ್ತು. ಒಂದೂವರೆ ವರ್ಷ ಅದು ಅಟ್ಟದ ಮೇಲಿತ್ತು. ಆಮೇಲೆ ಪರಿಚಯದವರೊಬ್ಬರು ಕಲೀನಾದಲ್ಲಿದ್ದ ಗೋವಾದ ಹಿರಿಯ ಪಿಟೀಲು ವಾದಕರೊಬ್ಬರ ಹತ್ತಿರ ಕರೆದುಕೊಂಡು ಹೋದರು. ಅವರು ನನ್ನ ಮಾತು ಕೇಳಿಸಿಕೊಳ್ಳುತ್ತಲೇ ಬ್ರಿಡ್ಜ್‌ನ ಎರಡು ತಿರುಪು ಇಳಿಸಿದರು, ನಟ್‌ನ ಕಚ್ಚನ್ನು ಸಣ್ಣ ಅರದಿಂದ ಉಜ್ಜಿದರು, ಬ್ರಿಡ್ಜನ್ನು ಬೆರಳಗಲ ಹಿಂದಕ್ಕೆ ಸರಿಸಿದರು. ಅರ್ಧ ಗಂಟೆಯ ಕೆಲಸ. ಅದೇ ಮರ, ಅದೇ ತಂತಿ, ಕೈಗೆ ಬಂದಾಗ ಬೇರೆಯೇ ವಾದ್ಯ. ಅಂದು ರಾತ್ರಿ ಮಾಯಾಮಾಳವಗೌಳದ ಆರೋಹಣ ಅವರೋಹಣ ನುಡಿಸುತ್ತ ಎಷ್ಟು ಹೊತ್ತು ಕುಳಿತಿದ್ದೆನೋ, ಅಕ್ಕನೇ ಎದ್ದು ಬಂದು ದೀಪ ಆರಿಸಿದಳು.

ಹೀಗಾಗುವುದಕ್ಕೆ ಕಾರಣ ವಾದ್ಯದ ಕಟ್ಟಡದಲ್ಲೇ ಇದೆ. ಮ್ಯಾಂಡೋಲಿನ್‌ಗೆ ಎಂಟು ತಂತಿ, ಎರಡೆರಡರಂತೆ ನಾಲ್ಕು ಜೋಡಿ. ಪ್ರತಿ ಜೋಡಿಯ ಎರಡೂ ತಂತಿ ಒಂದೇ ಸ್ವರಕ್ಕೆ ಕೂಡಿರುತ್ತವೆ. ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ಹೇಳಿದರೆ, ಕೆಳಗಿನ ಸ್ವರದಿಂದ ಮೇಲಕ್ಕೆ ಜಿ, ಡಿ, ಎ, ಇ. ಪಾಶ್ಚಾತ್ಯ ಪಿಟೀಲಿನ ಶ್ರುತಿಯೂ ಇದೇ. ತಂತಿಯ ಉದ್ದ ನಟ್‌ನಿಂದ ಬ್ರಿಡ್ಜ್‌ವರೆಗೆ ಸುಮಾರು 35 ಸೆಂಟಿಮೀಟರ್ ಮಾತ್ರ. ಅಷ್ಟು ಗಿಡ್ಡ ತಂತಿಯಿಂದ ಅಷ್ಟು ಮೇಲಿನ ಸ್ವರ ಬರಬೇಕಾದರೆ ಬಿಗಿ ಜಾಸ್ತಿ ಇರಲೇಬೇಕು. ಎಂಟೂ ತಂತಿಯ ಎಳೆತ ಕೂಡಿದರೆ ಸುಮಾರು 70ರಿಂದ 80 ಕಿಲೋ. ಒಬ್ಬ ದೊಡ್ಡ ಮನುಷ್ಯನ ತೂಕ ಆ ತೆಳ್ಳನೆಯ ಕತ್ತನ್ನು ಹಗಲೂ ರಾತ್ರಿ ಜಗ್ಗುತ್ತಿರುತ್ತದೆ. ಜೊತೆಗೆ ನಿಮ್ಮ ಒಂದು ಬೆರಳು ಪ್ರತಿ ಸಲ ಎರಡು ತಂತಿಯನ್ನು ಒಟ್ಟಿಗೆ ಒತ್ತಬೇಕು. ಗಿಟಾರಿನಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಹೇಗೋ ನಡೆಯುತ್ತದೆ, ಇಲ್ಲಿ ಅದೇ ಅರ್ಧ ಮಿಲಿಮೀಟರ್ ಕೈಯನ್ನು ಸೋಲಿಸುತ್ತದೆ. ಎತ್ತರದ ತಂತಿಯನ್ನು ಒತ್ತಿದಾಗ ಅದು ಹೆಚ್ಚು ಹಿಗ್ಗಿ ಸ್ವರ ಏರುತ್ತದೆ. ಹಾಡಿ ಬಲ್ಲ ನಿಮ್ಮಂಥವರಿಗೆ ಈ ಅಪಶ್ರುತಿ ಬೇರೆಯವರಿಗಿಂತ ಬೇಗ ಕೇಳಿಸುತ್ತದೆ, ಬೇಗ ಬೇಜಾರೂ ತರಿಸುತ್ತದೆ.

ಈಗ ಅಂಗಡಿಗೆ ಹೋಗೋಣ. ನಿಮ್ಮ ಆಫೀಸು ಫೋರ್ಟ್‌ನಲ್ಲಿದೆ, ಧೋಬಿ ತಲಾವ್ ನಡೆದು ಹೋಗುವಷ್ಟು ಹತ್ತಿರ. ಮೆಟ್ರೋ ಸಿನಿಮಾ ಚೌಕದ ಜೆರ್ ಮಹಲ್ ಕಟ್ಟಡದಲ್ಲಿ ಫುರ್ಟಾಡೋಸ್ ಇದೆ, 1865ರಿಂದ ನಡೆದುಬಂದ ಸಂಗೀತದ ಅಂಗಡಿ. ಹಿಂದೆ ಗೋವಾದಿಂದ ಕೆಲಸ ಹುಡುಕಿಕೊಂಡು ಬಂದ ವಾದಕರು ತಮ್ಮ ಊರಿನ ಹೆಸರಿನ 'ಕೂಡ್'ಗಳಲ್ಲಿ ಉಳಿದುಕೊಳ್ಳುತ್ತಿದ್ದದ್ದು ಇದೇ ಸುತ್ತಿನಲ್ಲಿ. ಹಿಂದಿ ಸಿನಿಮಾದ ವಾದ್ಯವೃಂದಗಳಲ್ಲಿ ಅವರದೇ ದೊಡ್ಡ ಪಾಲು. ನೀವು ಇಷ್ಟಪಡುವ ಹಳೆಯ ಹಿಂದಿ ಹಾಡುಗಳಲ್ಲಿ ಮ್ಯಾಂಡೋಲಿನ್ ಅಷ್ಟು ಕೇಳಿಸುವುದು ಸುಮ್ಮನೆ ಅಲ್ಲ. ಸಂಗೀತ ನಿರ್ದೇಶಕ ಸಜ್ಜಾದ್ ಹುಸೇನ್ ಸ್ವತಃ ದೊಡ್ಡ ಮ್ಯಾಂಡೋಲಿನ್ ವಾದಕರು, ಈ ವಾದ್ಯದಲ್ಲಿ ಹಿಂದುಸ್ತಾನಿ ರಾಗಗಳನ್ನು ನುಡಿಸಿದವರು. ಲಕ್ಷ್ಮೀಕಾಂತ್ ಪ್ಯಾರೇಲಾಲ್ ಜೋಡಿಯ ಲಕ್ಷ್ಮೀಕಾಂತ್ ಈ ಊರಿನ ಸಿನಿಮಾ ಸಂಗೀತಕ್ಕೆ ಬಂದದ್ದೂ ಮ್ಯಾಂಡೋಲಿನ್ ಹಿಡಿದೇ. ಈ ವಾದ್ಯ ಕಲಿಯಲು ಮುಂಬಯಿಗಿಂತ ಒಳ್ಳೆಯ ಊರು ನನಗೆ ತಿಳಿದಿಲ್ಲ. ವಾರದ ದಿನ ಊಟದ ಬಿಡುವಿನಲ್ಲಿ ಅವಸರವಾಗಿ ಹೋಗಬೇಡಿ, ಶನಿವಾರ ನಿಧಾನವಾಗಿ ಹೋಗಿ. ಪರ್ಸಿನಲ್ಲಿ ಎರಡು ಎಟಿಎಂ ಕಾರ್ಡ್, ಒಂದು ಉದ್ದನೆಯ ದಾರ ಇರಲಿ. ಫೋನಿನಲ್ಲಿ ಯಾವುದಾದರೂ ಉಚಿತ ಟ್ಯೂನರ್ ಆ್ಯಪ್ ಹಾಕಿಕೊಂಡಿರಿ.

ವಾದ್ಯ ಕೈಗೆ ಬಂದ ಕೂಡಲೇ ಮೀಟಬೇಡಿ. ಮೊದಲು ಬಂದೂಕಿನ ಗುರಿ ನೋಡುವಂತೆ, ತಲೆಯ ಕಡೆಯಿಂದ ಕತ್ತಿನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ. ಕತ್ತು ತಿರುಚಿಕೊಂಡಿದ್ದರೆ, ಕಮಾನಿನ ಹಾಗೆ ಬಾಗಿದ್ದರೆ ಆ ವಾದ್ಯ ಅಲ್ಲೇ ವಾಪಸು. ಅಂಗಡಿಯವರು "ಅದು ಹಾಗೇ ಇರೋದು" ಎಂದರೆ ನಂಬಬೇಡಿ. ಕತ್ತಿನೊಳಗೆ ಟ್ರಸ್ ರಾಡ್ ಎಂಬ ಲೋಹದ ಸರಳು ಇರುವ ವಾದ್ಯಗಳಲ್ಲಿ ಅಲ್ಪಸ್ವಲ್ಪ ಬಾಗು ತಿದ್ದಬಹುದು, ತಿರುಚನ್ನು ತಿದ್ದುವುದು ಆಗದ ಮಾತು.

ಆಮೇಲೆ ಕಾರ್ಡಿನ ಪರೀಕ್ಷೆ. ಬ್ಯಾಂಕಿನ ಕಾರ್ಡಿನ ದಪ್ಪ ಪ್ರಪಂಚದಾದ್ಯಂತ ಒಂದೇ, 0.76 ಮಿಲಿಮೀಟರ್. ಎರಡು ಸೇರಿದರೆ ಒಂದೂವರೆ ಮಿಲಿಮೀಟರ್ ಚಿಲ್ಲರೆ. ಅಕ್ಷರ ಉಬ್ಬಿರದ ನುಣುಪಾದ ಕಾರ್ಡ್ ಆಗಬೇಕು. ಹನ್ನೆರಡನೇ ಮೆಟ್ಟಿಲು ಎಲ್ಲಿದೆ ಎಂದು ಎಣಿಸಿಕೊಳ್ಳಿ, ಸಾಮಾನ್ಯವಾಗಿ ಅಲ್ಲಿ ಎರಡು ಚುಕ್ಕೆ ಇರುತ್ತವೆ. ಆ ಮೆಟ್ಟಿಲಿನ ಮೇಲೆ, ತಂತಿಯ ಕೆಳಗೆ ಎರಡೂ ಕಾರ್ಡನ್ನು ಒಟ್ಟಿಗೆ ತೂರಿಸಿ. ತಂತಿಯನ್ನು ಎತ್ತದೆ ಹಿತವಾಗಿ ಒಳಗೆ ಹೋದರೆ ಒಳ್ಳೆಯ ಎತ್ತರ. ದಪ್ಪ ತಂತಿಯ ಕಡೆ ಇನ್ನೊಂದು ಕೂದಲೆಳೆ ಜಾಗ ಹೆಚ್ಚಿದ್ದರೂ ತಪ್ಪಿಲ್ಲ, 2 ಮಿಲಿಮೀಟರ್‌ವರೆಗೆ ನಡೆಯುತ್ತದೆ. ಮೂರನೇ ಕಾರ್ಡೂ ಸಡಿಲವಾಗಿ ಹೋಗುತ್ತಿದೆ ಎಂದರೆ ತಂತಿ ಮೇಲಿದೆ. ಆಗ ಬ್ರಿಡ್ಜ್‌ನ ಎರಡು ಬದಿಯ ಚಕ್ರದಂಥ ತಿರುಪನ್ನು ನೋಡಿ. ಅದು ಇದ್ದು, ಇಳಿಸಲು ಇನ್ನೂ ಜಾಗ ಉಳಿದಿದ್ದರೆ ಚಿಂತೆಯಿಲ್ಲ, ತಿರುಪು ತಿರುಗಿಸಿದರೆ ಮುಗಿಯಿತು. ತಿರುಪು ತಳ ಮುಟ್ಟಿದ ಮೇಲೂ ತಂತಿ ಮೇಲೇ ಇದ್ದರೆ ಕತ್ತು ಕೂಡಿಸಿದ ಕೋನವೇ ತಪ್ಪಿದೆ. ಅಂಥದ್ದನ್ನು ಉಚಿತವಾಗಿ ಕೊಟ್ಟರೂ ಬೇಡ.

ಎಲ್ಲರೂ ಮರೆಯುವ ಜಾಗ ನಟ್. ಕತ್ತು ಮುಗಿದು ತಲೆ ಶುರುವಾಗುವಲ್ಲಿ ಇರುವ, ತಂತಿಗಳು ಕೂರುವ ಬಿಳಿಯ ಅಥವಾ ಕಪ್ಪು ಪಟ್ಟಿ. ಅಗ್ಗದ ವಾದ್ಯಗಳ ಕಾರ್ಖಾನೆಗಳಲ್ಲಿ ಇದರ ಕಚ್ಚನ್ನು ಪೂರ್ತಿ ಆಳ ಕೊಯ್ಯದೆ ಬಿಡುತ್ತಾರೆ, ಏಕೆಂದರೆ ಹೆಚ್ಚು ಕೊಯ್ದರೆ ಪಟ್ಟಿಯೇ ಹಾಳು, ಕಡಿಮೆ ಕೊಯ್ದರೆ ಅವರಿಗೆ ನಷ್ಟವಿಲ್ಲ. ನಷ್ಟ ನಿಮ್ಮ ಬೆರಳಿಗೆ. ಮೂರನೇ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿ ಹಿಡಿದು, ಮೊದಲ ಮೆಟ್ಟಿಲಿಗೂ ತಂತಿಗೂ ನಡುವೆ ಎಷ್ಟು ಸಂದಿಯಿದೆ ನೋಡಿ. ಕೂದಲೆಳೆಯಷ್ಟಿರಬೇಕು. ಕಾಗದ ಮಡಚಿ ತೂರಿಸುವಷ್ಟು ಇದ್ದರೆ ನಟ್ ಉಜ್ಜಿಸಬೇಕು. ಅದು ದೊಡ್ಡ ದೋಷವಲ್ಲ, ಸೆಟಪ್‌ಗೆ ಎತ್ತಿಟ್ಟ ದುಡ್ಡು ಇಂಥದ್ದಕ್ಕೇ. ಆದರೆ ಮನೆಯಲ್ಲಿ ನೀವೇ ಉಜ್ಜಲು ಹೋಗಬೇಡಿ. ಒಂದು ಅರ ಹೆಚ್ಚಾದರೆ ತೆರೆದ ತಂತಿ, ಅಂದರೆ ಬೆರಳಿಡದ ತಂತಿ, ಮೆಟ್ಟಿಲಿಗೆ ತಾಗಿ ಗರಗರ ಎನ್ನತೊಡಗುತ್ತದೆ.

ಇನ್ನು ಬ್ರಿಡ್ಜ್. ವೀಣೆಯವರು ಕುದುರೆ ಎನ್ನುತ್ತಾರಲ್ಲ, ಅದೇ. ಎ (ನೀರಹನಿಯಂಥದ್ದು), ಎಫ್ (ಸುರುಳಿಯದ್ದು) ಆಕಾರದ ಮ್ಯಾಂಡೋಲಿನ್‌ಗಳಲ್ಲಿ ಅದನ್ನು ಅಂಟಿಸಿರುವುದಿಲ್ಲ, ತಂತಿಯ ಒತ್ತಡಕ್ಕೇ ನಿಂತಿರುತ್ತದೆ. ಹಾಗಾಗಿ ಸರಿಯುತ್ತದೆ, ಸರಿದರೆ ಇಡೀ ವಾದ್ಯ ಅಪಶ್ರುತಿ. ದಾರದ ಕೆಲಸ ಇಲ್ಲಿದೆ. ನಟ್‌ನಿಂದ ಹನ್ನೆರಡನೇ ಮೆಟ್ಟಿಲಿಗೆ ಎಷ್ಟು ದೂರವೋ, ಅಲ್ಲಿಂದ ಬ್ರಿಡ್ಜ್‌ಗೂ ಹೆಚ್ಚುಕಡಿಮೆ ಅಷ್ಟೇ ದೂರ ಇರಬೇಕು, ಒಂದೆರಡು ಮಿಲಿಮೀಟರ್ ಜಾಸ್ತಿ ಇದ್ದರೆ ಸರಿ. ಅಷ್ಟಾದ ಮೇಲೆ ಟ್ಯೂನರ್ ತೆರೆಯಿರಿ. ತೆರೆದ ತಂತಿಯನ್ನು ಶ್ರುತಿ ಮಾಡಿ, ಅದನ್ನೇ ಹನ್ನೆರಡರಲ್ಲಿ ಒತ್ತಿ ಮೀಟಿ. ಅದೇ ಸ್ವರದ ಮೇಲಿನ ಸ್ಥಾಯಿ ಬರಬೇಕು. ಮುಳ್ಳು ಏರಿಕೆ ತೋರಿಸಿದರೆ ಬ್ರಿಡ್ಜನ್ನು ಕತ್ತಿನಿಂದ ದೂರಕ್ಕೆ, ಇಳಿಕೆ ತೋರಿಸಿದರೆ ಕತ್ತಿನ ಕಡೆಗೆ ಸರಿಸಬೇಕು. ನಿಮ್ಮ ಎದುರಿಗೇ ಸರಿಸಿ ತೋರಿಸಲು ಅಂಗಡಿಯವರಿಗೆ ಹೇಳಿ. ಇಷ್ಟು ಮಾಡಲು ಮುಖ ಸಿಂಡರಿಸುವ ಅಂಗಡಿಯಲ್ಲಿ ನಾಳೆ ತಂತಿ ತುಂಡಾದಾಗಲೂ ಸಹಾಯ ಸಿಗುವುದಿಲ್ಲ. ಕೊನೆಗೆ ಒಂದೊಂದು ಜೋಡಿಯಲ್ಲೂ ಒಂದೊಂದು ಮೆಟ್ಟಿಲು ಒತ್ತಿ ಮೀಟುತ್ತ ಬನ್ನಿ. ಎಲ್ಲಿಯೂ ಗರಗರ ಇರಬಾರದು, ಯಾವ ಸ್ವರವೂ ಸತ್ತಂತೆ ಕೇಳಿಸಬಾರದು. ಎಂಟೂ ಬಿರಡೆ ಜಾರದೆ, ಜಗ್ಗದೆ ತಿರುಗಬೇಕು. ಜೋಡಿಯ ಎರಡು ತಂತಿ ಕೂದಲಷ್ಟು ಬೇರೆಯಾದರೂ ಮ್ಯಾಂಡೋಲಿನ್ ಕಿವಿಗೆ ಒಗರು.

ಸುರುಳಿಯ ವಿಷಯ. ಅದಕ್ಕೆ ಎಫ್ ಆಕಾರ ಎನ್ನುತ್ತಾರೆ, ಸುರುಳಿಯಿಲ್ಲದ ನೀರಹನಿಯಂಥದ್ದು ಎ ಆಕಾರ. ಅಮೆರಿಕದ ಗಿಬ್ಸನ್ ಕಂಪನಿ 1922ರಲ್ಲಿ ಎಫ್-5 ಎಂಬ ಮಾದರಿ ತಂದ ಮೇಲೆ ಆ ಚಿತ್ರವೇ ಎಲ್ಲರ ಕಣ್ಣಲ್ಲಿ ನಿಂತಿದೆ. ಚೆಂದ ಇದೆ, ಒಪ್ಪುತ್ತೇನೆ. ಆದರೆ ಸುರುಳಿಯಿಂದ ನಾದಕ್ಕೆ ಏನೂ ಸಿಗುವುದಿಲ್ಲ. ಅದನ್ನು ಕೆತ್ತಿ ಅಂಚು ಕಟ್ಟುವುದೇ ದೊಡ್ಡ ದುಡಿಮೆ. ಏಳು ಸಾವಿರದ ವಾದ್ಯದಲ್ಲಿ ಆ ದುಡಿಮೆಯ ದುಡ್ಡನ್ನು ಬಿರಡೆಯಿಂದಲೋ ಮೆಟ್ಟಿಲಿನಿಂದಲೋ ಕಿತ್ತುಕೊಂಡಿರುತ್ತಾರೆ. ಎ ಆಕಾರವನ್ನೇ ತೆಗೆದುಕೊಳ್ಳಿ. ನಾದರಂಧ್ರ ಗುಂಡಗೋ ಅಂಡಾಕಾರವೋ ಇದ್ದರೆ ಧ್ವನಿ ಸ್ವಲ್ಪ ದುಂಡಗೆ, ಮೆದುವಾಗಿ ಬರುತ್ತದೆ. ಪಿಟೀಲಿನಂತೆ ಎರಡು ಎಫ್ ಸೀಳು ಇದ್ದರೆ ಚುರುಕಾಗಿ, ಕಡಿದಂತೆ ಬರುತ್ತದೆ. ನಿಮ್ಮ ಹಾಡುಗಳಿಗೆ ಮೊದಲನೆಯದು ಹೆಚ್ಚು ಒಗ್ಗೀತು ಎಂದು ನನಗನ್ನಿಸುತ್ತದೆ, ಆದರೆ ಎರಡನ್ನೂ ಕೇಳಿ ನಿಮ್ಮ ಕಿವಿಗೆ ಬಿಡಿ.

ಆನ್‌ಲೈನ್‌ನಲ್ಲಿ ಸಲಹೆ ಓದುವವರಿಗೆ ಮೊದಲು ಸಿಗುವ ಮಾತು 'ಘನ ಮರದ ಮೇಲ್ಪಲಗೆಯೇ ಬೇಕು, ಪ್ಲೈವುಡ್ ಬೇಡ' ಎಂದು. ಘನ ಸ್ಪ್ರೂಸ್ ಮರದ ಹಲಗೆಯ ನಾದ ಮೇಲು, ಅದರಲ್ಲಿ ಸಂಶಯವಿಲ್ಲ. ನುಡಿಸಿದಷ್ಟೂ ಅದು ಅರಳುತ್ತದೆ. ಪೂರ್ತಿ ಘನ ಮರದ ಈಸ್ಟ್‌ಮನ್ ಎಂಡಿ 305, ಕೆಂಟಕಿ ಕೆಎಂ 150 ಇಂಥವು ನಿಜಕ್ಕೂ ಒಳ್ಳೆಯವು, ಆದರೆ ಹತ್ತು ಸಾವಿರಕ್ಕೆ ಬರುವುದಿಲ್ಲ. ಘನ ಮರವೋ ಪ್ಲೈವುಡ್ಡೋ ಎಂದು ತಿಳಿಯಲು ನಾದರಂಧ್ರದ ಅಂಚು ನೋಡಿ. ಮೇಲಿನ ಮರದ ಗೆರೆ ಅಂಚಿನಲ್ಲೂ ಹಾಗೆಯೇ ಇಳಿದಿದ್ದರೆ ಘನ, ಬಿಸ್ಕತ್ತಿನಂತೆ ಪದರ ಪದರ ಕಂಡರೆ ಪ್ಲೈವುಡ್. ನಿಮ್ಮ ಬೆಲೆಯಲ್ಲಿ ಪ್ಲೈವುಡ್ ಸಿಕ್ಕರೆ ಬೇಸರ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗೋಡೆಗಳೇ ಬೆವರುತ್ತವೆ. ಆ ತೇವಕ್ಕೆ ಘನ ಮರ ಊದಿ ಮೇಲ್ಪಲಗೆ ಏಳುತ್ತದೆ, ತಂತಿಯೂ ಜೊತೆಗೆ ಏಳುತ್ತದೆ, ಮಳೆ ನಿಂತ ಮೇಲೆ ಕುಗ್ಗುತ್ತದೆ. ಅಡ್ಡಡ್ಡ ಅಂಟಿಸಿದ ಪದರಗಳು ಅಷ್ಟು ಅಲುಗಾಡುವುದಿಲ್ಲ. ಮೊದಲ ಎರಡು ವರ್ಷ, ಸಾಧನೆ ನಿಲ್ಲದಿರುವುದೇ ಮುಖ್ಯವಾಗಿರುವಾಗ, ಡೊಂಬಿವಲಿಯ ಮನೆಯಲ್ಲಿ ಅದೊಂದು ಅನುಕೂಲವೇ.

ಬ್ರ್ಯಾಂಡಿನ ಹೆಸರು ಕೇಳಿಲ್ಲ, ಆದರೂ ಒಂದು ಮಾತು. ಕೋಲ್ಕತ್ತದ ಗಿವ್ಸನ್ ಬೇರೆ, ಅಮೆರಿಕದ ಗಿಬ್ಸನ್ ಬೇರೆ. ನಮ್ಮಲ್ಲಿ ತಯಾರಾಗುವ ಅಗ್ಗದ ಮ್ಯಾಂಡೋಲಿನ್‌ಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಅದೇ ಹೆಸರು, ಅದೇ ಬೆಲೆ, ಪಕ್ಕಪಕ್ಕದಲ್ಲಿಟ್ಟ ಎರಡರಲ್ಲಿ ಒಂದು ನೆಟ್ಟಗೆ, ಒಂದು ಸೊಟ್ಟಗೆ. ಆದ್ದರಿಂದ ಹೆಸರು ಕೇಳಿ ಕೊಳ್ಳುವುದಕ್ಕಿಂತ, ಎದುರಿಗಿರುವ ಈ ಒಂದು ವಾದ್ಯ ಹೇಗಿದೆ ಎಂದು ನೋಡಿ. ಆನ್‌ಲೈನ್ ಬೇಡ ಎನ್ನುವುದು ಇದಕ್ಕೇ. ತರಿಸಲೇಬೇಕಾದರೆ ವಾಪಸು ಕೊಡುವ ಅವಕಾಶ ಇರುವಲ್ಲಿ ಮಾತ್ರ ತರಿಸಿ, ಡಬ್ಬಿ ಬಿಚ್ಚುವುದನ್ನು ಫೋನಿನಲ್ಲಿ ಚಿತ್ರೀಕರಿಸಿ. ದಾರಿಯಲ್ಲಿ ಬ್ರಿಡ್ಜ್ ಕಳಚಿ ಬಿದ್ದಿದ್ದರೆ ಗಾಬರಿ ಬೇಡ, ಅದು ಮುರಿದದ್ದಲ್ಲ. ಹುಡುಕುವಾಗ 'ಬೆಂಜೊ' ಎಂಬ ಹೆಸರಿನಲ್ಲಿ ಗುಂಡಿ ಒತ್ತಿ ನುಡಿಸುವ ವಾದ್ಯವೂ ಕಾಣಿಸೀತು. ಗಣಪತಿ ಮೆರವಣಿಗೆಯಲ್ಲಿ ಕೇಳುತ್ತೇವಲ್ಲ, ಆ ಬುಲ್‌ಬುಲ್ ತರಂಗ್. ಅದರ ಜಾತಿಯೇ ಬೇರೆ.

ಈಗ ನಿಮ್ಮ ಕೀರ್ತನೆಯ ಆಸೆಗೆ ಬರುತ್ತೇನೆ, ಇದನ್ನು ಕೊಳ್ಳುವ ಮೊದಲೇ ಯೋಚಿಸಬೇಕು. ಕರ್ನಾಟಕ ಸಂಗೀತದ ಮ್ಯಾಂಡೋಲಿನ್ ಎಂದರೆ ನಮ್ಮ ಕಣ್ಣಮುಂದೆ ಬರುವವರು ಯು. ಶ್ರೀನಿವಾಸ್. ಆಂಧ್ರದ ಪಾಲಕೊಲ್ಲುವಿನಲ್ಲಿ 1969ರಲ್ಲಿ ಹುಟ್ಟಿ, ಒಂಬತ್ತನೇ ವಯಸ್ಸಿಗೆ ಕಚೇರಿಗೆ ಕುಳಿತು, 2014ರಲ್ಲಿ ಇನ್ನೂ 45 ಇರುವಾಗಲೇ ಹೋಗಿಬಿಟ್ಟರು. ಅವರು ನುಡಿಸುತ್ತಿದ್ದದ್ದು ಎಂಟು ತಂತಿಯ ಸಾದಾ ಮ್ಯಾಂಡೋಲಿನ್ ಅಲ್ಲ. ಐದು ಒಂಟಿ ತಂತಿಯ ಎಲೆಕ್ಟ್ರಿಕ್ ಮ್ಯಾಂಡೋಲಿನ್. ಕಾರಣ ಕೇಳಿದರೆ ನಿಮಗೆ ತಕ್ಷಣ ಅರ್ಥವಾಗುತ್ತದೆ. ಸಾದಾ ವಾದ್ಯದಲ್ಲಿ ಮೀಟಿದ ನಾದ ಬೇಗ ಆರಿಹೋಗುತ್ತದೆ. ಇಟಲಿಯವರು, ಸಿನಿಮಾದವರು ಅದಕ್ಕೆ ಜೋಡಿ ತಂತಿಯ ಮೇಲೆ ಮೀಟುವ ಕಡ್ಡಿಯನ್ನು ಒಂದೇ ಸಮನೆ ಆಡಿಸುತ್ತ ಸ್ವರವನ್ನು ಹಿಡಿದು ನಿಲ್ಲಿಸುತ್ತಾರೆ. ನಿಮ್ಮ ಹಳೆಯ ಹಿಂದಿ ಹಾಡುಗಳ ಆ ನಡುಗುವ ನಾದ ಅದೇ. ಆದರೆ ತೋಡಿ ರಾಗದ ಗಾಂಧಾರವನ್ನು ತೂಗಬೇಕಾದರೆ ಒಂದೇ ಮೀಟಿನಲ್ಲಿ ನಾದ ಉಳಿಯಬೇಕು, ತಂತಿಯನ್ನು ಎಳೆಯಬೇಕು, ಜಾರಬೇಕು. ಎರಡು ಬಿಗಿ ತಂತಿಯನ್ನು ಒಟ್ಟಿಗೆ ಎಳೆದು ಎರಡನ್ನೂ ಒಂದೇ ಶ್ರುತಿಯಲ್ಲಿ ಇಡುವುದು ಬಹಳ ಕಷ್ಟ.

ಹಾಗೆಂದು ಮೊದಲೇ ಎಲೆಕ್ಟ್ರಿಕ್‌ಗೆ ಹೋಗಬೇಡಿ. ಅದಕ್ಕೆ ಆಂಪ್ಲಿಫೈಯರ್ ಬೇಕು, ನಿಮ್ಮ ದುಡ್ಡು ಸಾಲದು. ಸಾದಾ ಎಂಟು ತಂತಿಯದ್ದನ್ನೇ ಕೊಂಡು, ಪ್ರತಿ ಜೋಡಿಯಿಂದ ಒಂದೊಂದು ತಂತಿ ಬಿಚ್ಚಿಡಿ. ನಾಲ್ಕು ಒಂಟಿ ತಂತಿ ಉಳಿಯುತ್ತವೆ. ಎಳೆತ ಅರ್ಧವಾಗುತ್ತದೆ, ಬೆರಳಿಗೆ ಅರ್ಧ ಕೆಲಸ. ನಾದ ಸಣ್ಣದಾಗುತ್ತದೆ, ರಾತ್ರಿ ಫ್ಲ್ಯಾಟಿನಲ್ಲಿ ನುಡಿಸಲು ಅದು ಒಳ್ಳೆಯದೇ. ಆಮೇಲೆ ಎ ತಂತಿಯನ್ನು ಜಿಗೆ, ಇ ತಂತಿಯನ್ನು ಡಿಗೆ ಇಳಿಸಿ. ಈಗ ಕೆಳಗಿನಿಂದ ಜಿ, ಡಿ, ಜಿ, ಡಿ. ಜಿಯನ್ನು ಷಡ್ಜ ಮಾಡಿಕೊಂಡರೆ ಸ, ಪ, ಸ, ಪ. ಹಾರ್ಮೋನಿಯಂನಲ್ಲಿ ಬಿಳಿ ಐದು. ಶ್ರೀನಿವಾಸರ ವಾದ್ಯವೂ ಇದೇ ಸ, ಪ ಕ್ರಮದಲ್ಲೇ ಕೂಡಿರುತ್ತಿತ್ತು. ನಿಮ್ಮ ಸರಳೆ ವರಸೆ ಇದರಲ್ಲಿ ನೀವೇ ಹುಡುಕಿಕೊಳ್ಳಬಹುದು, ಪ್ರತಿ ಮೆಟ್ಟಿಲೂ ಒಂದೊಂದು ಸ್ವರಸ್ಥಾನ. ನೆನಪಿಡಿ, ಇಳಿಸುವುದಕ್ಕೆ ಭಯವಿಲ್ಲ, ಏರಿಸುವುದಕ್ಕೆ ಇದೆ. ಇ ತಂತಿ ತಾನು ತಡೆಯಬಲ್ಲ ಬಿಗಿಗೆ ಆಗಲೇ ಹತ್ತಿರದಲ್ಲಿರುತ್ತದೆ, ಮೂರು ನಾಲ್ಕು ಮೆಟ್ಟಿಲು ಏರಿಸಿದರೆ ತುಂಡಾಗುತ್ತದೆ. ದಪ್ಪ ತಂತಿ ಹಾಕಿದರೆ ತಡೆದೀತು ಎಂದುಕೊಳ್ಳುತ್ತಾರೆ, ತಡೆಯುವುದಿಲ್ಲ, ದಪ್ಪಕ್ಕೆ ತಕ್ಕಂತೆ ಎಳೆತವೂ ಏರುತ್ತದಲ್ಲ. ಹಿಂದಿ ಹಾಡು ಬೇಕೆನಿಸಿದ ದಿನ ತೆಗೆದಿಟ್ಟ ನಾಲ್ಕು ತಂತಿ ಮತ್ತೆ ಏರಿಸಿ.

ತಂತಿ ಕೊಳ್ಳುವಾಗ 'ಲೈಟ್' ಸೆಟ್ ಕೇಳಿ, ಇ ತಂತಿ 0.010 ಅಂಗುಲದ್ದು. ತುದಿಯಲ್ಲಿ ಕುಣಿಕೆ ಇರುವುದೋ ಗುಂಡು ಇರುವುದೋ ಎಂದು ನಿಮ್ಮ ವಾದ್ಯದ ಹಿಂಭಾಗ ನೋಡಿಯೇ ತನ್ನಿ. ಬದಲಿಸುವಾಗ ಒಂದೊಂದಾಗಿ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಬ್ರಿಡ್ಜ್ ಬಿದ್ದುಹೋಗುತ್ತದೆ. ಮೊದಲೇ ಅದರ ಪಾದದ ಸುತ್ತ ಪೆನ್ಸಿಲ್‌ನಲ್ಲಿ ತೆಳ್ಳಗೆ ಗುರುತು ಮಾಡಿಕೊಂಡಿರಿ. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಯ ಮೇಲೂ ಕೆಳಗೂ ಒರೆಸಿ, ಮಳೆಗಾಲದಲ್ಲಿ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಮಳೆ ಹೊಡೆಯುವ ಹೊರಗೋಡೆಗೆ ನೇತುಹಾಕಬೇಡಿ. ಮೀಟುವ ಕಡ್ಡಿ ತೀರಾ ತೆಳ್ಳಗಿರುವುದು ಬೇಡ, 0.8ರಿಂದ 1 ಮಿಲಿಮೀಟರ್ ದಪ್ಪದ್ದು ಇರಲಿ. ವಾದ್ಯ ತಂದ ದಿನ ಫಾಸ್ಟ್ ಲೋಕಲ್ ಬಿಟ್ಟು ಜನ ಕಡಿಮೆಯಿರುವ ಸ್ಲೋ ಗಾಡಿಯಲ್ಲಿ ಕುಳಿತು ಬನ್ನಿ.

ಮಡಗಾಂವಿನ ವಾದ್ಯ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅದೇ. ಬೆನ್ನು ಉಬ್ಬಿದ್ದು ಎಂದರೆ ಇಟಲಿಯ ನೇಪಲ್ಸ್ ಕಡೆಯ ಮಾದರಿ, ಮರದ ಪಟ್ಟಿಗಳನ್ನು ಕಲ್ಲಂಗಡಿಯ ಗೆರೆಗಳ ಹಾಗೆ ಬಾಗಿಸಿ ಅಂಟಿಸಿರುತ್ತಾರೆ. ಪೋರ್ಚುಗಲ್‌ನವರ ಮ್ಯಾಂಡೋಲಿನ್ ಆದ ಬಾಂದೊಲಿಂನ ಬೆನ್ನು ಚಪ್ಪಟೆ. ಗೋವಾದ ಹಳೆಯ ಮನೆಗಳಲ್ಲಿ ಎರಡೂ ಸಿಗುತ್ತವೆ. ಬೆನ್ನು ಉಬ್ಬಿದ್ದರ ನಾದ ಮಧುರ, ಇವತ್ತಿನ ಅಗ್ಗದ ಪೆಟ್ಟಿಗೆಗಳಿಗೆ ಹೋಲಿಸುವ ಹಾಗೇ ಇಲ್ಲ. ಆದರೆ ಅದನ್ನು ಕಲಿಯುವ ಮೊದಲ ವಾದ್ಯ ಮಾಡಿಕೊಳ್ಳಬೇಡಿ. ಅಂಥ ಹಳೆಯ ವಾದ್ಯದ ಕತ್ತಿನೊಳಗೆ ಟ್ರಸ್ ರಾಡ್ ಇರುವುದಿಲ್ಲ, ಹತ್ತಾರು ವರ್ಷದ ಎಳೆತಕ್ಕೆ ಕತ್ತು ಮುಂದಕ್ಕೆ ಬಾಗಿರುವುದೇ ಹೆಚ್ಚು. ಉಬ್ಬಿದ ಬೆನ್ನು ತೊಡೆಯ ಮೇಲೆ ಜಾರುತ್ತದೆ, ಹೊಸಬರಿಗೆ ಹಿಡಿತವೇ ಸಿಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಅದರ ಮೇಲ್ಪಲಗೆ ಹಗುರ ತಂತಿಗೆಂದೇ ಮಾಡಿದ್ದು. ಇವತ್ತಿನ ಸಾಮಾನ್ಯ ಸೆಟ್ ಏರಿಸಿ ಪೂರ್ತಿ ಶ್ರುತಿಗೆ ತಂದರೆ ಬ್ರಿಡ್ಜ್ ಕೆಳಗಿನ ಹಲಗೆ ಕುಸಿಯಬಹುದು. ಪ್ರೀತಿಯಿಂದಲೇ ಹಾಳು ಮಾಡಿದ ಇಂಥ ವಾದ್ಯಗಳನ್ನು ನಾನು ನೋಡಿದ್ದೇನೆ.

ಮುಂದಿನ ಸಲ ಹೋದಾಗ ಹಗಲು ಬೆಳಕಿನಲ್ಲಿ ಮೂರು ಕಡೆಯ ಫೋಟೋ ತೆಗೆದು ಕಳಿಸಿ. ಮೇಲ್ಪಲಗೆಯನ್ನು ಪಕ್ಕದಿಂದ, ಬೆನ್ನಿನ ಪಟ್ಟಿಗಳ ಕೂಡಿಕೆ, ಹನ್ನೆರಡನೇ ಮೆಟ್ಟಿಲಿನ ಬಳಿ ತಂತಿಯ ಎತ್ತರ. ಬ್ರಿಡ್ಜ್‌ನ ಹಿಂದೆ ಹಲಗೆ ಸ್ವಲ್ಪ ಕೆಳಕ್ಕೆ ಮಡಿಚಿದಂತೆ ಕಾಣುತ್ತದೆ, ಅದು ಈ ವಾದ್ಯದ ಹುಟ್ಟುಗುಣ, ಅದಕ್ಕೆ ಹೆದರಬೇಡಿ. ಬ್ರಿಡ್ಜ್‌ನ ಅಡಿಯೇ ತಗ್ಗಾಗಿದ್ದರೆ, ಪಟ್ಟಿಗಳ ನಡುವೆ ಬಿರುಕು ಕಂಡರೆ ಅದು ರೋಗ. ಪಟ್ಟಿಗಳ ಬಿರುಕು ಅಂಟಿಗೆ ಬರುತ್ತದೆ, ಕತ್ತು ಎದ್ದಿದ್ದರೆ ಖರ್ಚು ಹೊಸ ವಾದ್ಯವನ್ನೂ ಮೀರೀತು. ಫೋಟೋ ನೋಡಿದ ಮೇಲೆ ಯಾವುದು ಎಂದು ಹೇಳುತ್ತೇನೆ. ಅಲ್ಲಿಯವರೆಗೆ ಅದಕ್ಕೆ ಹೊಸ ತಂತಿ ಹಾಕಬೇಡಿ, ಎಣ್ಣೆ ಪಾಲಿಶ್ ಹಚ್ಚಬೇಡಿ. ದೊಡ್ಡಪ್ಪನ ಮನೆಯವರು ತೆಗೆದುಕೊಂಡು ಹೋಗು ಎಂದರೆ, ಇರುವ ತಂತಿಯನ್ನು ಎಂಟು ಬಿರಡೆಯಲ್ಲೂ ಎರಡೆರಡು ಸುತ್ತು ಸಡಿಲಿಸಿ, ಬ್ರಿಡ್ಜನ್ನು ತೆಗೆದು ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ, ಉಬ್ಬಿದ ಬೆನ್ನಿಗೆ ಹಳೆಯ ಸೀರೆ ಸುತ್ತಿ. ಕೊಂಕಣಕನ್ಯಾ ರೈಲಿನಲ್ಲಿ ಬರುವುದಾದರೆ ಸೀಟಿನ ಅಡಿಗೆ ತಳ್ಳದೆ ಮೇಲಿನ ಬರ್ತ್‌ನಲ್ಲಿ ನಿಮ್ಮ ತಲೆಯ ಹತ್ತಿರ ಇಟ್ಟುಕೊಳ್ಳಿ, ಠಾಣೆಯಲ್ಲಿ ಇಳಿಯುವಾಗ ಮೊದಲು ಅದನ್ನು ಕೈಗೆ ತೆಗೆದುಕೊಳ್ಳಿ.